ಪ್ರತಿಯೂ ಒಂದೇ, ಅವಕಾಶವೂ ಒಂದೇ: ನೀರಿನಲ್ಲಿ ಬಿಡಿಸಿಕೊಳ್ಳುವ ಪೋಲರಾಯ್ಡ್ ಕಲೆ

ಬೆಂಗಳೂರು: ಜಯನಗರ ಬಡಾವಣೆಗೆ ಅಡಿಗಲ್ಲು ಬಿದ್ದದ್ದು 1948ರಲ್ಲಿ. ಅದೇ ವರ್ಷದ ನವೆಂಬರ್ 26ರಂದು ಅಮೆರಿಕದ ಬೋಸ್ಟನ್ ನಗರದ ಜೋರ್ಡನ್ ಮಾರ್ಷ್ ಮಳಿಗೆಯಲ್ಲಿ ಪೋಲರಾಯ್ಡ್ ಕ್ಯಾಮೆರಾ ಮೊದಲ ಬಾರಿಗೆ ಮಾರಾಟಕ್ಕೆ ಬಂತು. ತೆಗೆದ ಚಿತ್ರವನ್ನು ಒಂದು ನಿಮಿಷದಲ್ಲೇ ಕೈಗೆ ಕೊಡುವ ಯಂತ್ರ ಅದು. ಈ ಎರಡು ಘಟನೆಗಳಿಗೆ ಒಂದಕ್ಕೊಂದು ಸಂಬಂಧವಿಲ್ಲ, ನಿಜ. ಆದರೆ ಮುಂದಿನ ದಶಕಗಳಲ್ಲಿ ಜಯನಗರ, ಬನಶಂಕರಿ, ಜೆ.ಪಿ. ನಗರದ ಮನೆಗಳಿಂದ ಓದಿಗೂ ಉದ್ಯೋಗಕ್ಕೂ ಅಮೆರಿಕಕ್ಕೆ ಹೋದವರು ಊರಿಗೆ ಬರೆದ ಕಾಗದಗಳ ಜೊತೆ ಚಿತ್ರಗಳನ್ನೂ ಕಳುಹಿಸಿದರು. ಕೆಳಗಿನ ಬಿಳಿ ಅಂಚು ಮಾತ್ರ ಅಗಲವಾಗಿರುವ, ಮುಟ್ಟಿದರೆ ದಪ್ಪನೆಯ ರಟ್ಟಿನಂತಿರುವ ಚೌಕನೆಯ ಚಿತ್ರಗಳು ಇಂದಿಗೂ ಇಂತಹ ಕೆಲವು ಮನೆಗಳ ಬೀರುಗಳಲ್ಲಿ ಸಿಗುತ್ತವೆ. ಹಿಮದಲ್ಲಿ ಸೀರೆಯುಟ್ಟು ನಿಂತ ಸೊಸೆ, ಬಾಡಿಗೆ ಮನೆಯ ಮುಂದೆ ಮೊದಲ ಕಾರು, ತೊಟ್ಟಿಲಲ್ಲಿ ಮೊಮ್ಮಗು.

ಇಂತಹ ಚಿತ್ರದ ಅಂಚನ್ನು ಕತ್ತರಿಸಿ, ಪದರಗಳನ್ನು ಬಿಡಿಸಿ, ಬೆಚ್ಚನೆಯ ನೀರಿನಲ್ಲಿ ಚಿತ್ರವನ್ನಷ್ಟೇ ತೇಲಿಸಿ ಬೇರೊಂದು ಕಾಗದದ ಮೇಲೋ ಮರದ ಮೇಲೋ ಗಾಜಿನ ಮೇಲೋ ಇಳಿಸುವ ಕಲೆಯೊಂದಿದೆ. ಅಂತರಜಾಲದ ವಿಡಿಯೋಗಳಲ್ಲಿ ಇದು ಒಂದು ನಿಮಿಷದ ಮಾಯಾಜಾಲದಂತೆ ಕಾಣುತ್ತದೆ. ನೋಡಿದವರಿಗೆ ಮನೆಯ ಹಳೆಯ ಚಿತ್ರವೊಂದರ ಮೇಲೆ ಪ್ರಯೋಗ ಮಾಡಿ ಬಿಡೋಣ ಎನಿಸುವುದೂ ಸಹಜ. ಕತ್ತರಿ ಕೈಗೆತ್ತಿಕೊಳ್ಳುವ ಮುನ್ನ ಒಂದು ಸಂಗತಿ ಗೊತ್ತಿರಬೇಕು. ಪೋಲರಾಯ್ಡ್ ಚಿತ್ರಕ್ಕೆ ಸಾಮಾನ್ಯವಾಗಿ ಮರಳಿ ಮುದ್ರಿಸಬಲ್ಲ ನೆಗೆಟಿವ್ ಇರುವುದಿಲ್ಲ. ಕೈಯಲ್ಲಿರುವುದೇ ಮೂಲ, ಅದೇ ಪ್ರತಿ, ಅದೇ ಕೊನೆ. ಅದನ್ನು ನೀರಿಗೆ ಹಾಕುವುದೆಂದರೆ ಜಗತ್ತಿನಲ್ಲಿರುವ ಒಂದೇ ಪ್ರತಿಯನ್ನು ವ್ಯಯಿಸಿ ಬೇರೊಂದು ಒಂದೇ ಪ್ರತಿಯನ್ನು ಪಡೆಯುವುದು. ಪಡೆಯದೆಯೂ ಹೋಗಬಹುದು!

ಹಾಲಿನ ಕೆನೆಯಂಥ ಪದರ

ಚಿತ್ರವನ್ನು ಒಂದೆಡೆಯಿಂದ ಇನ್ನೊಂದೆಡೆಗೆ ಇಳಿಸುವ ಆಟ ಕನ್ನಡದ ಮಕ್ಕಳಿಗೆ ಹೊಸತೇನಲ್ಲ. ಮೇಣದಬತ್ತಿಯನ್ನು ನೋಟ್‌ಬುಕ್ಕಿನ ಹಾಳೆಗೆ ಉಜ್ಜಿ, ಅದರ ಮೇಲೆ ದಿನಪತ್ರಿಕೆಯ ಚಿತ್ರವನ್ನು ಮಗುಚಿ ಹಾಕಿ, ಚಮಚದ ಹಿಂಬದಿಯಿಂದ ತಿಕ್ಕಿ ಕ್ರಿಕೆಟ್ ಆಟಗಾರರನ್ನು ‘ಇಳಿಸಿಕೊಂಡ’ ತಲೆಮಾರು ಇನ್ನೂ ನಮ್ಮ ನಡುವೆ ಇದೆ. ಬಬಲ್ ಗಮ್ ಜೊತೆ ಬರುತ್ತಿದ್ದ ಹಚ್ಚೆ ಕಾಗದವನ್ನು ಎಂಜಲು ಹಚ್ಚಿ ಮುಂಗೈಗೆ ಒತ್ತಿದವರೂ ಇದೇ ತಲೆಮಾರಿನವರು. ದಿಢೀರ್ ಫಿಲ್ಮ್‌ನ ಕಲೆ ಇದೇ ಆಟದ ದೊಡ್ಡಣ್ಣ. ಇದರಲ್ಲಿ ಎರಡು ಬಗೆಗಳಿದ್ದು, ಇವೆರಡನ್ನೂ ಒಂದೇ ಎಂದು ತಿಳಿಯುವವರೇ ಹೆಚ್ಚು.

ಮೊದಲನೆಯದು ಚಿತ್ರ ವರ್ಗಾವಣೆ. ಇದರಲ್ಲಿ ಸ್ಥಳಾಂತರವಾಗುವುದು ಬಣ್ಣ ಮಾತ್ರ. ಚಿತ್ರ ಪೂರ್ತಿ ಮೂಡುವ ಮೊದಲೇ ಫಿಲ್ಮ್‌ನ ಎರಡು ಹಾಳೆಗಳನ್ನು ಬೇರ್ಪಡಿಸಿ, ಬಣ್ಣ ಇನ್ನೂ ಉಳಿದಿರುವ ನೆಗೆಟಿವ್ ಹಾಳೆಯನ್ನು ಒದ್ದೆ ಕಾಗದದ ಮೇಲೆ ಒತ್ತಲಾಗುತ್ತದೆ. ಫಿಲ್ಮ್‌ನ ಹಾಳೆಗೆ ಸೇರಬೇಕಾಗಿದ್ದ ಬಣ್ಣ ಕಲಾವಿದರು ಇಟ್ಟ ಕಾಗದಕ್ಕೆ ಸೇರುತ್ತದೆ. ಫಲವಾಗಿ ಚಿತ್ರ ಕೊಂಚ ಮಂಕಾಗಿ, ಅಲ್ಲಲ್ಲಿ ಬಿಟ್ಟುಹೋಗಿ, ಜಲವರ್ಣದ ಚಿತ್ರವನ್ನು ಹೋಲುತ್ತದೆ.

ಎರಡನೆಯದು ಪದರ ಎಬ್ಬಿಸುವಿಕೆ. ಇಂಗ್ಲಿಷಿನವರು ಎಮಲ್ಷನ್ ಲಿಫ್ಟ್ ಎಂದು ಕರೆಯುವುದು ಇದನ್ನೇ. ಪೂರ್ತಿ ಮೂಡಿದ ಚಿತ್ರವನ್ನು ಬಿಸಿನೀರಿನಲ್ಲಿ ನೆನೆಸಿದಾಗ ಬಣ್ಣವನ್ನು ಹೊತ್ತಿರುವ ತೆಳುಪದರ ತಳದಿಂದ ಕಳಚಿಕೊಳ್ಳುತ್ತದೆ. ಕಾಯಿಸಿ ಆರಿಸಿದ ಹಾಲಿನ ಮೇಲಿನ ಕೆನೆಯನ್ನು ಚಮಚದಲ್ಲಿ ಎತ್ತಿದಾಗ ಅದು ಮಡಚಿಕೊಳ್ಳುವ ರೀತಿಯನ್ನು ನೆನಪಿಸಿಕೊಂಡರೆ ಸಾಕು, ಈ ಪದರದ ಸ್ವಭಾವ ಅರ್ಥವಾಗುತ್ತದೆ. ಅದನ್ನು ಹಿಗ್ಗಿಸಬಹುದು, ಸುಕ್ಕುಗಟ್ಟಿಸಬಹುದು, ಅಂಚನ್ನು ಹರಿಯಬಹುದು. ಇಂದು ಮನೆಯಲ್ಲಿ ಮಾಡಲು ಸಾಧ್ಯವಿರುವುದು ಬಹುಮಟ್ಟಿಗೆ ಈ ಎರಡನೆಯ ಬಗೆ ಮಾತ್ರ. ಮೊದಲನೆಯದಕ್ಕೆ ಬೇಕಾದ ಫಿಲ್ಮ್ ಏಕೆ ಸಿಗುತ್ತಿಲ್ಲ ಎಂಬುದೇ ಒಂದು ಕಥೆ. ಅದಕ್ಕೆ ಮುಂಚೆ ಫಿಲ್ಮ್‌ನ ಒಳಗೆ ನಡೆಯುವುದೇನು ಎಂದು ನೋಡಬೇಕು.

ಬೆಳಕು ಹಿಡಿದಿಟ್ಟ ಬಣ್ಣ

ಸಾಮಾನ್ಯ ಫಿಲ್ಮ್‌ನಲ್ಲಿ ಚಿತ್ರ ತೆಗೆಯುವುದು ಒಂದು ಕೆಲಸ, ಕತ್ತಲೆ ಕೋಣೆಯಲ್ಲಿ ಅದನ್ನು ತೊಳೆಯುವುದು ಇನ್ನೊಂದು, ಕಾಗದಕ್ಕೆ ಮುದ್ರಿಸುವುದು ಮತ್ತೊಂದು. ಈ ಮೂರನ್ನೂ ಒಂದೇ ಹಾಳೆಯೊಳಗೆ ಅಡಕ ಮಾಡಿದವರು ಎಡ್ವಿನ್ ಲ್ಯಾಂಡ್. 1943ರಲ್ಲಿ ಸಾಂತಾ ಫೆ ಎಂಬಲ್ಲಿ ರಜೆಯಲ್ಲಿದ್ದಾಗ, ತೆಗೆದ ಚಿತ್ರವನ್ನು ಈಗಲೇ ಏಕೆ ನೋಡಲಾಗದು ಎಂದು ಅವರ ಪುಟ್ಟ ಮಗಳು ಕೇಳಿದಳಂತೆ. ಲ್ಯಾಂಡ್ ಅವರೇ ಹೇಳಿಕೊಳ್ಳುತ್ತಿದ್ದ ಕಥೆ ಇದು. ಉತ್ತರ ಸಿದ್ಧವಾಗಲು ನಾಲ್ಕು ವರ್ಷ ಹಿಡಿಯಿತು. 1947ರ ಫೆಬ್ರವರಿ 21ರಂದು ನ್ಯೂಯಾರ್ಕ್‌ನಲ್ಲಿ ವಿಜ್ಞಾನಿಗಳ ಸಭೆಯೊಂದರ ಮುಂದೆ ಅವರು ತಮ್ಮದೇ ಮುಖದ ಚಿತ್ರವನ್ನು ಹಾಳೆಯಿಂದ ಸುಲಿದು ತೋರಿಸಿದರು.

ಆಗಿನ ಚಿತ್ರಗಳಲ್ಲಿ ಬಣ್ಣಗಳಿರಲಿಲ್ಲ. ಬಣ್ಣದ ಪೋಲರಾಯ್ಡ್ ಬಂದದ್ದು 1963ರಲ್ಲಿ. ಚಿತ್ರ ಇಳಿಸುವ ಕಲೆಗೆ ತಳಹದಿಯಾದ ರಸಾಯನಶಾಸ್ತ್ರವೂ ಅದೇ. ಆ ಫಿಲ್ಮ್‌ನ ನೆಗೆಟಿವ್ ಹಾಳೆಯಲ್ಲಿ ಹಳದಿ, ಮಜೆಂಟಾ, ಸಯಾನ್ ಎಂಬ ಮೂರು ವರ್ಣಗಳು ಬೆಳ್ಳಿಯ ಲವಣದ ಪದರಗಳ ಮಗ್ಗುಲಲ್ಲೇ ಕಾದಿರುತ್ತವೆ. ಕ್ಯಾಮೆರಾದ ರೋಲರ್‌ಗಳ ನಡುವೆ ಹಾಳೆ ಹಾದುಬರುವಾಗ ಅಂಚಿನಲ್ಲಿರುವ ಚೀಲ ಒಡೆದು ಕ್ಷಾರದ ಸರಿ, ಎಂದರೆ ಗಂಜಿಯಂತಹ ದಪ್ಪ ದ್ರವ, ಒಳಗೆಲ್ಲ ಹರಡುತ್ತದೆ. ಬೆಳಕು ಬಿದ್ದ ಜಾಗದಲ್ಲಿ ಬೆಳ್ಳಿಯ ಕಣಗಳು ತಮ್ಮ ಪಕ್ಕದ ವರ್ಣವನ್ನು ಹಿಡಿದಿಟ್ಟುಕೊಳ್ಳುತ್ತವೆ. ಬೆಳಕು ಬೀಳದ ಜಾಗದ ವರ್ಣ ಬಿಡುಗಡೆಗೊಂಡು ಎದುರಿನ ಹಾಳೆಯತ್ತ ಸಾಗುತ್ತದೆ. ನಾವು ನೋಡುವ ಚಿತ್ರವೆಂದರೆ ಹೀಗೆ ತಪ್ಪಿಸಿಕೊಂಡು ಬಂದ ಬಣ್ಣಗಳು. ಈ ಪಯಣಕ್ಕೆ ಒಂದು ನಿಮಿಷ ಅಥವಾ ತುಸು ಹೆಚ್ಚು ಬೇಕು. ಹತ್ತು-ಹದಿನೈದು ಸೆಕೆಂಡಿಗೇ ಹಾಳೆಯನ್ನು ಸುಲಿದರೆ ಅರ್ಧದಾರಿಯಲ್ಲಿರುವ ಬಣ್ಣಕ್ಕೆ ಎದುರಿಗೆ ಇಟ್ಟ ಯಾವ ಕಾಗದವಾದರೂ ಸರಿಯೇ! ಚಿತ್ರ ವರ್ಗಾವಣೆಯ ಗುಟ್ಟು ಇಷ್ಟೇ.

1972ರಲ್ಲಿ ಬಂದ ಎಸ್‌ಎಕ್ಸ್-70 ಕ್ಯಾಮೆರಾದಲ್ಲಿ ಸುಲಿಯುವ ಕೆಲಸವೇ ಇರಲಿಲ್ಲ. ಎಲ್ಲ ಪದರಗಳೂ ಒಂದೇ ಪಾರದರ್ಶಕ ಹೊದಿಕೆಯೊಳಗೆ ಸೇರಿಹೋದವು. ಬೀರುಗಳಲ್ಲಿ ಸಿಗುವ ಬಿಳಿ ಅಂಚಿನ ಚಿತ್ರಗಳು ಬಹುತೇಕ ಈ ವಂಶದವು. ಈ ಫಿಲ್ಮ್‌ನ ಒಳಪದರ ಕೆಲಕಾಲ ಮೆತ್ತಗೇ ಇರುತ್ತಿದ್ದುದನ್ನು ಕಂಡ ಗ್ರೀಕ್ ಮೂಲದ ಅಮೆರಿಕನ್ ಕಲಾವಿದ ಲ್ಯೂಕಾಸ್ ಸಮಾರಾಸ್, 1973ರಿಂದ 1976ರವರೆಗೆ ತಮ್ಮದೇ ಚಿತ್ರಗಳನ್ನು ಮೇಲಿನಿಂದ ಒತ್ತಿ, ತೀಡಿ, ಕಲಸಿ ವಿಲಕ್ಷಣ ರೂಪಗಳನ್ನು ಮಾಡಿದರು. ಯಂತ್ರ ಕೊಟ್ಟ ಚಿತ್ರವನ್ನು ಹಾಗೆಯೇ ಒಪ್ಪಿಕೊಳ್ಳಬೇಕಿಲ್ಲ ಎಂಬ ಧೈರ್ಯ ಕಲಾವಲಯದಲ್ಲಿ ಬೆಳೆದದ್ದಕ್ಕೆ ಇಂತಹವರ ಕೊಡುಗೆ ದೊಡ್ಡದು.

ಪದರವನ್ನು ನೀರಿನಲ್ಲಿ ಇಳಿಸುವ ಕ್ರಮ ಮಾತ್ರ ಪೋಲರಾಯ್ಡ್‌ಗಿಂತ ತುಂಬ ಹಳೆಯದು. 1864ರಲ್ಲಿ ಇಂಗ್ಲೆಂಡಿನ ಜೋಸೆಫ್ ಸ್ವಾನ್ ರೂಢಿಗೆ ತಂದ ಕಾರ್ಬನ್ ಮುದ್ರಣದಲ್ಲಿ ಜೆಲಾಟಿನ್ ಪದರವನ್ನು ಬೆಚ್ಚನೆಯ ನೀರಿನಲ್ಲಿ ಒಂದು ಕಾಗದದಿಂದ ಇನ್ನೊಂದಕ್ಕೆ ದಾಟಿಸಲಾಗುತ್ತಿತ್ತು. ಆದರೆ ಅಲ್ಲಿ ನೆಗೆಟಿವ್ ಕೈಯಲ್ಲೇ ಇರುತ್ತಿತ್ತು, ಕೆಟ್ಟರೆ ಇನ್ನೊಂದು. ಬೆಂಗಳೂರಿನ ಛಾಯಾಗ್ರಹಣವೂ ಬೆಳೆದದ್ದು ಇದೇ ನೆಗೆಟಿವ್‌ನ ಪರಂಪರೆಯಲ್ಲಿ. 1953ರಲ್ಲಿ ಭಾರತೀಯ ಛಾಯಾಗ್ರಹಣ ಒಕ್ಕೂಟವನ್ನು ಕಟ್ಟುವುದರಲ್ಲಿ ಮುಂದಾಳಾಗಿದ್ದವರು ಇಲ್ಲಿನ ಡಾ. ಜಿ. ಥಾಮಸ್. 1971ರಲ್ಲಿ ಯೂತ್ ಫೋಟೋಗ್ರಾಫಿಕ್ ಸೊಸೈಟಿ ಹುಟ್ಟಿತು. ಒಂದು ನೆಗೆಟಿವ್‌ನಿಂದ ಪ್ರತಿಯ ಮೇಲೆ ಪ್ರತಿ ತೆಗೆದು, ಸರಿಯಾದದ್ದನ್ನು ಆರಿಸಿ ಪ್ರದರ್ಶನಕ್ಕೆ ಕಳುಹಿಸುವುದು ಆ ಕಾಲದ ಶಿಸ್ತು. ದಿಢೀರ್ ಚಿತ್ರದಲ್ಲಿ ಆರಿಸಿಕೊಳ್ಳಲು ಏನೂ ಇರುವುದಿಲ್ಲ.

ಮುಚ್ಚಿದ ಕಾರ್ಖಾನೆ, ಉಳಿದ ಯಂತ್ರ

ಡಿಜಿಟಲ್ ಕ್ಯಾಮೆರಾ ಬಂದ ಮೇಲೆ ಪೋಲರಾಯ್ಡ್ ಕುಸಿಯಿತು. 2001ರಲ್ಲಿ ದಿವಾಳಿ, 2008ರಲ್ಲಿ ಫಿಲ್ಮ್ ತಯಾರಿಕೆ ನಿಲ್ಲಿಸುವ ಘೋಷಣೆ. ಚಿತ್ರ ವರ್ಗಾವಣೆಗೆ ಕಲಾವಿದರು ನೆಚ್ಚಿಕೊಂಡಿದ್ದ ಸುಲಿಯುವ ಫಿಲ್ಮ್ ಅಲ್ಲಿಗೆ ಮುಗಿಯಿತು. ಜಪಾನಿನ ಫ್ಯೂಜಿ ಕಂಪನಿ ಅದೇ ಅಳತೆಯ ಫಿಲ್ಮ್ ಮಾಡುತ್ತಿದ್ದುದರಿಂದ ಕೆಲವು ವರ್ಷ ಕೆಲಸ ಸಾಗಿತು. 2016ರ ಫೆಬ್ರವರಿಯಲ್ಲಿ ಫ್ಯೂಜಿಯೂ ತನ್ನ ಕೊನೆಯ ಸುಲಿಯುವ ಫಿಲ್ಮ್ ಎಫ್‌ಪಿ-100ಸಿ ನಿಲ್ಲುತ್ತದೆಂದು ಸಾರಿತು. ಆಮೇಲೆ 2019ರಲ್ಲಿ ವಿಯೆನ್ನಾದಲ್ಲಿ ಒಂದೊಂದೇ ಹಾಳೆಯನ್ನು ಕೈಯಿಂದ ಜೋಡಿಸುವ ಪ್ರಯತ್ನವೊಂದು ಆರಂಭವಾಯಿತಾದರೂ ಅದು ದುಬಾರಿ, ಪ್ರಮಾಣವೂ ಅತ್ಯಲ್ಪ. ಇಂದು ಮಾರಾಟದಲ್ಲಿ ಕಾಣಸಿಗುವ ಹಳೆಯ ಪೊಟ್ಟಣಗಳು ಅವಧಿ ಮೀರಿ ವರ್ಷಗಳೇ ಕಳೆದವು. ಕ್ಷಾರದ ಸರಿ ಒಣಗಿಹೋಗಿರುವ ಸಂಭವವೂ ಉಂಟು. ಹೆಚ್ಚು ಬೆಲೆ ಕೊಟ್ಟು ಇವನ್ನು ಕೊಳ್ಳುವುದು ಜೂಜು.

ಬಿಳಿ ಅಂಚಿನ ಫಿಲ್ಮ್ ಮಾತ್ರ ಬದುಕಿತು. ಬದುಕಿದ ರೀತಿ ಸ್ವಾರಸ್ಯಕರ. 2008ರಲ್ಲಿ ನೆದರ್‌ಲ್ಯಾಂಡ್ಸ್‌ನ ಎನ್‌ಸ್ಖೆಡೆ ಊರಿನಲ್ಲಿ ಪೋಲರಾಯ್ಡ್‌ನ ಕೊನೆಯ ಕಾರ್ಖಾನೆ ಮುಚ್ಚುವ ಹೊತ್ತಿಗೆ ಫ್ಲೋರಿಯನ್ ಕಾಪ್ಸ್, ಅಲ್ಲಿಯೇ ಕೆಲಸದಲ್ಲಿದ್ದ ಆಂದ್ರೆ ಬೋಸ್ಮನ್ ಮತ್ತು ಸಂಗಡಿಗರು ಅಲ್ಲಿನ ಯಂತ್ರಗಳನ್ನು ಗುಜರಿಗೆ ಹೋಗದಂತೆ ಕೊಂಡುಕೊಂಡರು. ತಮ್ಮ ಉದ್ಯಮಕ್ಕೆ ‘ಇಂಪಾಸಿಬಲ್ ಪ್ರಾಜೆಕ್ಟ್’ ಎಂದೇ ಹೆಸರಿಟ್ಟರು. ಯಂತ್ರ ಸಿಕ್ಕರೇನು, ಹಳೆಯ ರಾಸಾಯನಿಕಗಳನ್ನು ಮಾಡುವವರೇ ಇರಲಿಲ್ಲ. ಸೂತ್ರವನ್ನು ಮೊದಲಿನಿಂದ ಕಟ್ಟಬೇಕಾಯಿತು. 2010ರಲ್ಲಿ ಬಂದ ಮೊದಲ ಪೊಟ್ಟಣಗಳ ಚಿತ್ರಗಳನ್ನು ಕ್ಯಾಮೆರಾದಿಂದ ಹೊರಬಂದೊಡನೆ ಬೆಳಕಿನಿಂದ ಮರೆಮಾಡದಿದ್ದರೆ ಕೆಡುತ್ತಿದ್ದವು. ಕ್ರಮೇಣ ಫಿಲ್ಮ್ ಸುಧಾರಿಸಿತು, 2017ರಲ್ಲಿ ಸಂಸ್ಥೆ ಪೋಲರಾಯ್ಡ್ ಒರಿಜಿನಲ್ಸ್ ಆಯಿತು, 2020ರಲ್ಲಿ ಪೋಲರಾಯ್ಡ್ ಎಂಬ ಹಳೆಯ ಹೆಸರೇ ಮರಳಿತು.

ಕಲಾವಿದರಿಗೆ ಇದರಿಂದ ಒದಗಿದ ಲಾಭವೆಂದರೆ, ಹೊಸ ಸೂತ್ರದ ಫಿಲ್ಮ್‌ನ ಪದರ ಬೆಚ್ಚನೆಯ ನೀರಿನಲ್ಲಿ ಸುಲಭವಾಗಿ ಬಿಡಿಸಿಕೊಳ್ಳುತ್ತದೆ. ಎಸ್‌ಎಕ್ಸ್-70 ಕಾಲದ ಹಳೆಯ ಚಿತ್ರಗಳು ಹಾಗಲ್ಲ. ದಶಕಗಳ ಹಿಂದೆ ಗಟ್ಟಿಯಾದ ಪದರ ಒಂದೋ ಕದಲುವುದೇ ಇಲ್ಲ, ಇಲ್ಲವೇ ಚೂರುಚೂರಾಗಿ ಏಳುತ್ತದೆ. ಬೀರುವಿನ ಚಿತ್ರಕ್ಕೆ ಕತ್ತರಿ ಹಾಕಬಾರದು ಎನ್ನಲು ಭಾವನೆ ಒಂದೇ ಕಾರಣವಲ್ಲ. ಈಗ ಮದುವೆ ಮನೆಗಳಲ್ಲಿ, ಕಾಲೇಜು ಗೆಳೆಯರ ಕೂಟಗಳಲ್ಲಿ ಕಾಣುವ ಫ್ಯೂಜಿಯ ಇನ್‌ಸ್ಟಾಕ್ಸ್ ಫಿಲ್ಮ್ (1998ರಲ್ಲಿ ಆರಂಭವಾದದ್ದು) ಕೂಡ ದಿಢೀರ್ ಫಿಲ್ಮೇ. ಆದರೆ ಅದರ ಪದರ ಹಠಮಾರಿ. ಎಬ್ಬಿಸಿದವರಿದ್ದಾರೆ, ಹೊಸಬರು ಅದರಿಂದ ಆರಂಭಿಸುವುದು ಮಾತ್ರ ಬೇಡ.

ಕಾವೇರಿ ನೀರೋ, ಕೊಳವೆಬಾವಿಯದೋ?

ಕೆಲಸಕ್ಕೆ ಬೇಕಾಗುವ ಸಲಕರಣೆಗಳು ಕಡಿಮೆ. ಅಗಲವಾದ ಎರಡು ಟ್ರೇಗಳು, ಮೆದುವಾದ ಕೂದಲಿನ ಎರಡು ಕುಂಚಗಳು, ಕತ್ತರಿ, ರಬ್ಬರ್ ಕೈಗವಸು, ದಪ್ಪನೆಯ ಜಲವರ್ಣ ಕಾಗದ. ಕಾಗದದ ವಿಷಯದಲ್ಲಿ ಕರ್ನಾಟಕದವರಿಗೆ ಒಂದು ಅನುಕೂಲವಿದೆ. ಹುಬ್ಬಳ್ಳಿ ಬಳಿಯ ತಾರಿಹಾಳದಲ್ಲಿ ಹತ್ತಿಬಟ್ಟೆಯ ತುಂಡುಗಳಿಂದ ಕೈಯಲ್ಲಿ ತಯಾರಾಗುವ ಖಾದಿ ಕಾಗದವನ್ನು ವಿದೇಶಗಳ ಕಲಾವಿದರೂ ತರಿಸಿಕೊಳ್ಳುತ್ತಾರೆ. ನೀರಿನಲ್ಲಿ ಮುಳುಗಿಸಿ ಎತ್ತಿದರೂ ಹರಿಯದ ಇಂತಹ ಹತ್ತಿಯ ಕಾಗದವೇ ಈ ಕೆಲಸಕ್ಕೆ ತಕ್ಕುದು. ನುಣುಪು ಕಾಗದದ ಮೇಲೆ ಪದರ ಜಾರುತ್ತದೆ. ತೀರಾ ಒರಟಾದರೆ ಮುಖದ ವಿವರಗಳು ಕಾಗದದ ಗುಳಿಗಳಲ್ಲಿ ಕಳೆದುಹೋಗುತ್ತವೆ.

ಚಿತ್ರ ತೆಗೆದು ಅದು ಪೂರ್ತಿ ಮೂಡಲು ಕಾಲು ಗಂಟೆಯಾದರೂ ಬಿಡಬೇಕು. ಅದೇ ದಿನ ಕೆಲಸ ಮುಗಿಸುವುದು ಉತ್ತಮ, ತಾಜಾ ಚಿತ್ರದ ಪದರ ಸಲೀಸಾಗಿ ಏಳುತ್ತದೆ. ಕೈಗವಸು ಧರಿಸಿ ನಾಲ್ಕೂ ಬದಿಯ ಬಿಳಿ ಅಂಚುಗಳನ್ನು ಕತ್ತರಿಸಬೇಕು. ಅಗಲವಾದ ಅಂಚಿನೊಳಗೆ ಉಳಿದ ಸರಿ ಇರುತ್ತದೆ. ಅದು ಕ್ಷಾರ, ಚರ್ಮಕ್ಕೂ ಕಣ್ಣಿಗೂ ಅಪಾಯಕಾರಿ. ತಗುಲಿದರೆ ಧಾರಾಳ ನೀರಿನಲ್ಲಿ ತೊಳೆಯಬೇಕು. ಇದಕ್ಕೆ ಬಳಸಿದ ಪಾತ್ರೆಗಳನ್ನು ಮತ್ತೆ ಅಡುಗೆಮನೆಗೆ ಒಯ್ಯಬಾರದು, ಮಕ್ಕಳನ್ನು ಜೊತೆಗೆ ಕೂರಿಸಿಕೊಂಡು ಮಾಡುವ ಆಟವೂ ಇದಲ್ಲ.

ಅಂಚು ಹೋದ ಮೇಲೆ ಒಂದು ಮೂಲೆಯಿಂದ ಕಪ್ಪು ಹಿಂಬದಿಯನ್ನು ನಿಧಾನವಾಗಿ ಸುಲಿದರೆ ಚಿತ್ರ ಮುಂಬದಿಯ ಪಾರದರ್ಶಕ ಹಾಳೆಗೆ ಅಂಟಿಕೊಂಡು ಉಳಿಯುತ್ತದೆ. ಅದನ್ನು ಬೆಚ್ಚನೆಯ ನೀರಿಗೆ ಬಿಡಬೇಕು. ಸುಮಾರು 40 ಡಿಗ್ರಿ ಸಾಕು. ಎಂದರೆ ಕೈ ತಾಳುವಷ್ಟು ಬಿಸಿ, ಕುದಿಯುವ ನೀರು ಬೇಡ. ಕೆಲ ನಿಮಿಷಗಳಲ್ಲಿ ಹಿಂಭಾಗದ ಬಿಳಿಯ ಲೇಪ ಸಡಿಲಗೊಂಡು ಕುಂಚಕ್ಕೆ ಬಿಟ್ಟುಬರುತ್ತದೆ. ಸುಣ್ಣದ ತಿಳಿಯಂತೆ ನೀರು ಬೆಳ್ಳಗಾಗುವುದು ಇದರಿಂದಲೇ. ಬಳಿಕ ಅಂಚಿನಿಂದ ಒಳಮುಖವಾಗಿ ಕುಂಚವನ್ನು ತೂರಿಸುತ್ತ ಹೋದರೆ ಪದರ ತಾನಾಗಿ ಏಳತೊಡಗುತ್ತದೆ. ಇಲ್ಲಿ ಅವಸರ ಮಾಡಿದವರ ಕೈಯಲ್ಲಿ ಚಿತ್ರ ಎರಡಾಗುತ್ತದೆ.

ಎದ್ದ ಪದರವನ್ನು ಶುದ್ಧ ನೀರಿನ ಎರಡನೆಯ ಟ್ರೇಗೆ ದಾಟಿಸಿ, ಕಾಗದವನ್ನು ಅದರ ಕೆಳಗೆ ಜಾರಿಸಿ, ಎರಡನ್ನೂ ಒಟ್ಟಿಗೆ ಮೇಲೆತ್ತಬೇಕು. ಮೊದಲ ಸಲ ಅದು ಮುದ್ದೆಯಾಗಿಯೇ ಕೂರುತ್ತದೆ. ಗಾಬರಿಗೆ ಕಾರಣವಿಲ್ಲ. ಕಾಗದವನ್ನು ಓರೆಯಾಗಿ ಮತ್ತೆ ನೀರಿನಲ್ಲಿ ಅದ್ದಿದರೆ ಮಡಿಕೆ ಬಿಚ್ಚಿಕೊಳ್ಳುತ್ತದೆ. ಹೀಗೆ ಮೂರು-ನಾಲ್ಕು ಬಾರಿ ಅದ್ದಿ ಎತ್ತಿ, ಉಳಿಯಬೇಕಾದ ಸುಕ್ಕುಗಳನ್ನು ಉಳಿಸಿಕೊಂಡು ಬೇಡವಾದವನ್ನು ಒದ್ದೆ ಕುಂಚದಿಂದ ಸವರಬೇಕು. ಕಲೆ ಎಂದು ಕರೆಯಬೇಕಾದದ್ದು ಈ ಹಂತವನ್ನು, ಉಳಿದದ್ದೆಲ್ಲ ಕೈಚಳಕ. ಎಲ್ಲ ಸುಕ್ಕನ್ನೂ ತೆಗೆದು ನೀಟಾಗಿ ಹರಡಿದರೆ ಸಿಗುವುದು ಅಂಚಿಲ್ಲದ ಒಂದು ಸಾಧಾರಣ ಫೋಟೊ, ಅದಕ್ಕೆ ಇಷ್ಟೆಲ್ಲ ಪಾಡು ಏಕೆ? ಇನ್ನೊಂದೆಡೆ, ಸುಕ್ಕು ಚೆಂದವೆಂದು ಎಲ್ಲ ಚಿತ್ರವನ್ನೂ ಮುದುರಿಸುವವರೂ ಇದ್ದಾರೆ. ಮುಖದ ಮೇಲಿನ ಮಡಿಕೆಗೂ ಆಕಾಶದಲ್ಲಿನ ಮಡಿಕೆಗೂ ಅರ್ಥ ಬೇರೆ ಎಂಬುದನ್ನು ಅರಿತವರ ಕೆಲಸ ಒಂದೇ ನೋಟಕ್ಕೆ ಗೊತ್ತಾಗುತ್ತದೆ.

ದಕ್ಷಿಣ ಬೆಂಗಳೂರಿನಲ್ಲಿ ಮಾಡುವವರು ಎರಡು ಸ್ಥಳೀಯ ಸಂಗತಿಗಳನ್ನು ಗಮನಿಸಬೇಕು. ಮೊದಲನೆಯದು ನೀರು. ಕಾವೇರಿ ನೀರು ಬರುವ ಮನೆಗಳಲ್ಲಿ ತೊಂದರೆಯಿಲ್ಲ. ಬಿ.ಟಿ.ಎಂ. ಲೇಔಟ್ (ಬೈರಸಂದ್ರ, ತಾವರೆಕೆರೆ, ಮಡಿವಾಳ ಎಂಬ ಮೂರು ಊರುಗಳ ಮೊದಲಕ್ಷರಗಳಿಂದ ಆದ ಹೆಸರು) ಮತ್ತು ಜೆ.ಪಿ. ನಗರದ ಹಲವು ಕಟ್ಟಡಗಳಂತೆ ಕೊಳವೆಬಾವಿಯನ್ನೋ ಟ್ಯಾಂಕರನ್ನೋ ನಂಬಿರುವೆಡೆ ನೀರು ಗಡಸು. ಬಕೆಟ್ಟಿನ ಅಂಚಿನಲ್ಲಿ ಬಿಳಿಯ ಪೊರೆ ಕಟ್ಟುವಂತೆ ಒಣಗಿದ ಚಿತ್ರದ ಮೇಲೂ ಕಲೆ ಕಟ್ಟುತ್ತದೆ. ಕೊನೆಯ ತೊಳೆತಕ್ಕಾದರೂ ಫಿಲ್ಟರ್ ನೀರು ಬಳಸುವುದು ಲೇಸು. 2024ರ ಬೇಸಿಗೆಯ ನೀರಿನ ಬರವನ್ನು ಕಂಡವರಿಗೆ ಎರಡು ಟ್ರೇ ನೀರು ಚೆಲ್ಲುವುದು ಸಂಕಟವೆನಿಸಬಹುದು. ಒಂದೇ ನೀರಿನಲ್ಲಿ ಎರಡು-ಮೂರು ಚಿತ್ರಗಳ ಮೊದಲ ಹಂತವನ್ನು ಮುಗಿಸಲು ಅಡ್ಡಿಯಿಲ್ಲ. ಕ್ಷಾರ ಬೆರೆತ ಆ ನೀರನ್ನು ಗಿಡಗಳಿಗೆ ಮಾತ್ರ ಹಾಕಬಾರದು.

ಎರಡನೆಯದು ಬಿಸಿಲು. ಪೋಲರಾಯ್ಡ್ ಫಿಲ್ಮ್ ಸರಿಯಾಗಿ ಮೂಡಲು 13ರಿಂದ 28 ಡಿಗ್ರಿಯ ನಡುವಿನ ತಾಪಮಾನ ಬೇಕೆಂದು ತಯಾರಕರು ಹೇಳುತ್ತಾರೆ. ಮೇಲೆ ಹೋದರೆ ಚಿತ್ರ ಹಳದಿ-ಕೆಂಪಿಗೆ ವಾಲುತ್ತದೆ, ಕೆಳಗಿಳಿದರೆ ಪೇಲವವಾಗಿ ನೀಲಿಗಟ್ಟುತ್ತದೆ. ‘ಹವಾನಿಯಂತ್ರಿತ ನಗರ’ ಎಂದು ಹೊಗಳಿಸಿಕೊಂಡಿದ್ದ ಬೆಂಗಳೂರಿನಲ್ಲಿ 2016ರ ಏಪ್ರಿಲ್‌ನಲ್ಲಿ 39.2 ಡಿಗ್ರಿ ದಾಖಲಾದದ್ದು ನೆನಪಿರಬಹುದು. ಮಾರ್ಚ್‌ನಿಂದ ಮೇವರೆಗೆ ಬೆಳಗಿನ ಹೊತ್ತು ಮಾತ್ರ ಚಿತ್ರ ತೆಗೆಯುವುದು ಜಾಣತನ. ಪೊಟ್ಟಣವನ್ನು ಫ್ರಿಜ್ಜಿನಲ್ಲಿಡಬೇಕು, ಫ್ರೀಜರ್‌ನಲ್ಲಲ್ಲ. ದೋಸೆ ಹಿಟ್ಟಿನ ಪಕ್ಕದಲ್ಲಿ ಅದಕ್ಕೊಂದು ಜಾಗ ಮಾಡಿಕೊಡಲು ಮನೆಯವರು ಒಪ್ಪಬೇಕಷ್ಟೆ! ಬಳಸುವ ಒಂದು ಗಂಟೆ ಮೊದಲು ಹೊರಗಿಡಬೇಕು.

ಒಂದು ಪೊಟ್ಟಣದಲ್ಲಿರುವುದು ಎಂಟೇ ಹಾಳೆ, ಫಿಲ್ಮ್ ಆಮದಾಗಿ ಬರಬೇಕು. ಮೊದಲ ಪೊಟ್ಟಣದಲ್ಲಿ ಎರಡು-ಮೂರು ಹಾಳೆಗಳು ಕೆಡುವುದಕ್ಕೆ ಸಿದ್ಧರಾಗಿಯೇ ಕೂರಬೇಕು. ಅಮೆರಿಕದಿಂದ ಬರುವ ನೆಂಟರಿಂದ ತರಿಸಿಕೊಳ್ಳುವವರು ಅದನ್ನು ದೊಡ್ಡ ಸೂಟ್‌ಕೇಸಿನಲ್ಲಿ ಹಾಕದಂತೆ ಮೊದಲೇ ತಿಳಿಸಬೇಕು. ವಿಮಾನದ ಹೊಟ್ಟೆಗೆ ಹೋಗುವ ಸಾಮಾನುಗಳ ಎಕ್ಸ್-ರೇ ತಪಾಸಣೆ ಫಿಲ್ಮನ್ನು ಕೆಡಿಸುತ್ತದೆ. ಕೈಚೀಲದಲ್ಲಿಟ್ಟು, ಕೈಯಿಂದಲೇ ಪರೀಕ್ಷಿಸುವಂತೆ ಸಿಬ್ಬಂದಿಯನ್ನು ಕೋರುವುದು ಸುರಕ್ಷಿತ. 600 ಮತ್ತು ಎಸ್‌ಎಕ್ಸ್-70 ಮಾದರಿಯ ಪೊಟ್ಟಣಗಳೊಳಗೆ ಬ್ಯಾಟರಿ ಇರುವುದರಿಂದ ಖಾಲಿಯಾದವು ಒಣಕಸಕ್ಕಲ್ಲ, ಇ-ತ್ಯಾಜ್ಯಕ್ಕೆ ಸೇರಬೇಕು.

ಅಜ್ಜಿಯ ಚಿತ್ರವನ್ನು ಏನು ಮಾಡುವುದು?

ಮತ್ತೆ ಬೀರುವಿನ ಚಿತ್ರಕ್ಕೆ ಬರೋಣ. ಅದನ್ನು ಕಲಾಕೃತಿಯಾಗಿಸುವ ಆಸೆ ತಪ್ಪಲ್ಲ. ಮೂಲವನ್ನು ಮುಟ್ಟದೆಯೇ ಅದನ್ನು ಈಡೇರಿಸಿಕೊಳ್ಳುವ ದಾರಿಯಿದೆ. 2019ರಲ್ಲಿ ಪೋಲರಾಯ್ಡ್ ‘ಲ್ಯಾಬ್’ ಎಂಬ ಪುಟ್ಟ ಯಂತ್ರವನ್ನು ಬಿಡುಗಡೆ ಮಾಡಿತು. ಮೊಬೈಲ್ ಪರದೆಯ ಮೇಲಿನ ಚಿತ್ರವನ್ನು ಅದು ಮಸೂರದ ಮೂಲಕ ನಿಜವಾದ ಪೋಲರಾಯ್ಡ್ ಫಿಲ್ಮ್‌ನ ಮೇಲೆ ಬೀಳಿಸುತ್ತದೆ. ಹಳೆಯ ಚಿತ್ರವನ್ನು ಮೊದಲು ಸ್ಕ್ಯಾನ್ ಮಾಡಿ, ಆ ಪ್ರತಿಯನ್ನು ಹೀಗೆ ಹೊಸ ಫಿಲ್ಮ್‌ಗೆ ದಾಟಿಸಿ, ನೀರಿಗೆ ಹಾಕುವುದಾದರೆ ಆ ಹೊಸ ಫಿಲ್ಮನ್ನು ಹಾಕಬಹುದು. ಕೆಟ್ಟರೆ ಎಂಟರಲ್ಲಿ ಒಂದು ಹಾಳೆ ಹೋಯಿತು, ಅಜ್ಜಿ ಬೀರುವಿನಲ್ಲೇ ಇರುತ್ತಾರೆ. ಇದು ಅಪ್ಪಟ ಕಲೆಯಲ್ಲ, ಪರದೆಯ ಚಿತ್ರದ ಚಿತ್ರ ಎಂದು ಮೂಗುಮುರಿಯುವವರು ಇದ್ದಾರೆ. ಅವರ ಮಾತಿನಲ್ಲಿ ಹುರುಳಿಲ್ಲವೆಂದಲ್ಲ. ಆದರೆ ಮತ್ತೊಂದು ಪ್ರತಿಯಿಲ್ಲದ ಮುಖದ ಮುಂದೆ ಆ ವಾದ ದುರ್ಬಲ.

ಸ್ಕ್ಯಾನ್ ಮಾಡಿಸುವಾಗಲೂ ಎಚ್ಚರ ಬೇಕು. ಹಳೆಯ ಪೋಲರಾಯ್ಡ್‌ಗಳನ್ನು ಬಗ್ಗಿಸಿದರೆ ಒಳಪದರ ಬಿರುಕು ಬಿಡುತ್ತದೆ. ಅಂಟು ಹಾಳೆಯ ಆಲ್ಬಮ್‌ಗೆ ಕಚ್ಚಿಕೊಂಡ ಚಿತ್ರವನ್ನು ಎಳೆದು ಕೀಳುವ ಬದಲು ಆಲ್ಬಮ್ ಸಮೇತ ಸ್ಕ್ಯಾನರ್ ಮೇಲಿಡುವುದು ಲೇಸು. ಹಿಂಬದಿಯಲ್ಲೋ ಅಂಚಿನಲ್ಲೋ ಊರು, ತಾರೀಖು ಬರೆದಿದ್ದರೆ ಅದನ್ನೂ ಪ್ರತಿ ಮಾಡಿಕೊಳ್ಳಬೇಕು. ಚಿತ್ರ ಕಳುಹಿಸಿದವರು ಯಾರೆಂದು ಹೇಳಬಲ್ಲ ಹಿರಿಯರು ಮನೆಯಲ್ಲಿರುವಾಗಲೇ ಹೆಸರುಗಳನ್ನು ಕೇಳಿ ಗುರುತು ಹಾಕಿಕೊಳ್ಳುವುದು ಸ್ಕ್ಯಾನಿಗಿಂತ ತುರ್ತಿನ ಕೆಲಸ.

ಫಿಲ್ಮೇ ಇಲ್ಲದೆ

ಇಷ್ಟು ಖರ್ಚು ಬೇಡವೆನ್ನುವವರಿಗೆ ಬಡವರ ದಾರಿಯೊಂದಿದೆ. ಬೀದಿಬೀದಿಯಲ್ಲಿರುವ ಜೆರಾಕ್ಸ್ ಅಂಗಡಿಯ ಲೇಸರ್ ಪ್ರಿಂಟ್ ಸಾಕು. ಮರದ ಹಲಗೆಗೋ ಬಟ್ಟೆಗೋ ಅಕ್ರಿಲಿಕ್ ಜೆಲ್ ಹಚ್ಚಿ, ಪ್ರಿಂಟನ್ನು ಮಗುಚಿ ಅಂಟಿಸಿ, ರಾತ್ರಿಯಿಡೀ ಒಣಗಿಸಿ, ಮರುದಿನ ಕಾಗದವನ್ನು ನೀರಿನಿಂದ ನೆನೆಸಿ ಬೆರಳಿನಿಂದ ಉಜ್ಜಿ ತೆಗೆದರೆ ಟೋನರ್‌ನ ಚಿತ್ರ ಜೆಲ್‌ನಲ್ಲಿ ಉಳಿಯುತ್ತದೆ. ಮನೆಯ ಇಂಕ್‌ಜೆಟ್ ಪ್ರಿಂಟರಿನ ಶಾಯಿ ನೀರಿಗೆ ಕದಡುವುದರಿಂದ ಅದು ಬೇಡ. ಅಮೆರಿಕದ ಕಲಾವಿದ ರಾಬರ್ಟ್ ರೌಶೆನ್‌ಬರ್ಗ್ 1958ರಿಂದ 1960ರ ನಡುವೆ ಡಾಂಟೆಯ ‘ಇನ್‌ಫರ್ನೊ’ ಕಾವ್ಯಕ್ಕೆ ಚಿತ್ರಗಳನ್ನು ರಚಿಸಿದ್ದು ಇದರ ಹತ್ತಿರದ ವಿಧಾನದಿಂದಲೇ. ನಿಯತಕಾಲಿಕಗಳ ಚಿತ್ರಗಳನ್ನು ದ್ರಾವಕದಲ್ಲಿ ತೋಯಿಸಿ, ಹಿಂಬದಿಯಿಂದ ತಿಕ್ಕಿ ಕಾಗದಕ್ಕಿಳಿಸಿದರು. ಮೇಣದಬತ್ತಿ ಉಜ್ಜಿದ ನಮ್ಮ ಮಕ್ಕಳಿಗೆ ಈ ಮಹನೀಯರ ಹೆಸರು ಗೊತ್ತಿರಲಿಲ್ಲ, ಅಷ್ಟೆ.

ಈ ವಿಧಾನದಲ್ಲಿ ಎಡ ಬಲವಾಗುತ್ತದೆ. ಅಂಗಡಿಯ ಫಲಕದ ಕನ್ನಡ ಅಕ್ಷರಗಳೆಲ್ಲ ಕನ್ನಡಿಯಲ್ಲಿ ಕಂಡಂತೆ ಬರುತ್ತವೆ, ಆದ್ದರಿಂದ ಪ್ರಿಂಟ್ ತೆಗೆಯುವ ಮೊದಲೇ ಚಿತ್ರವನ್ನು ತಿರುಗಿಸಿಕೊಳ್ಳಬೇಕು. ನೀರಿನಲ್ಲಿ ತೇಲುವ ಪೋಲರಾಯ್ಡ್ ಪದರವೂ ಮಗುಚಿಕೊಳ್ಳಬಲ್ಲದು. ಅದು ಪಾರದರ್ಶಕವಾದ್ದರಿಂದ ಎರಡೂ ಕಡೆಯಿಂದ ಚಿತ್ರದಂತೆಯೇ ಕಾಣುತ್ತದೆ, ಅಕ್ಷರಗಳಿದ್ದರೆ ಮಾತ್ರ ಗುಟ್ಟು ರಟ್ಟಾಗುತ್ತದೆ.

ಜಯನಗರ, ಬನಶಂಕರಿಯ ಹಳೆಯ ಮನೆಗಳು ಒಂದೊಂದಾಗಿ ಉರುಳಿ ನಾಲ್ಕಂತಸ್ತಿನ ಕಟ್ಟಡಗಳಾಗುತ್ತಿರುವ ದಿನಗಳಲ್ಲಿ ಈ ಕಲೆಗೆ ಒಂದು ಉಪಯೋಗ ಎದ್ದು ಕಾಣುತ್ತದೆ. ಕೆಡವುವ ಮುನ್ನ ಮನೆಯ ಮುಂಬಾಗಿಲು, ಜಗಲಿ, ಕಾಂಪೌಂಡಿನ ಸಂಪಿಗೆ ಮರಗಳ ಚಿತ್ರ ತೆಗೆದು, ಅದೇ ಮನೆಯ ತೇಗದ ಬಾಗಿಲಿನ ತುಂಡಿನ ಮೇಲೋ ಕಿಟಕಿಯ ಗಾಜಿನ ಮೇಲೋ ಇಳಿಸಿಕೊಳ್ಳಬಹುದು. ಹಳೆಯ ಮರಕ್ಕೆ ನೇರವಾಗಿ ಪದರ ಅಂಟಿಸಿದರೆ ಮರದ ಎಣ್ಣೆ, ಕಂದು ಬಣ್ಣ ಚಿತ್ರದೊಳಗೆ ಇಳಿಯುತ್ತವೆ. ಮರಳುಕಾಗದದಿಂದ ಉಜ್ಜಿ, ಬಿಳಿಯ ಅಕ್ರಿಲಿಕ್ ಪ್ರೈಮರ್ ಎರಡು ಕೋಟು ಹಚ್ಚಿ, ಪೂರ್ತಿ ಒಣಗಿದ ಮೇಲೆಯೇ ಮುಂದುವರಿಯಬೇಕು. ಗಾಜಿನ ಮೇಲೆ ಇಳಿಸಿದ ಪದರ ಒಣಗುವಾಗ ಬಿಗಿದುಕೊಂಡು ಅಂಚಿನಲ್ಲಿ ಏಳುವುದುಂಟು. ತೆಳುವಾಗಿ ಅಕ್ರಿಲಿಕ್ ವಾರ್ನಿಷ್ ಹಚ್ಚಿದರೆ ನಿಲ್ಲುತ್ತದೆ.

ಮಾಡಿದ್ದನ್ನು ಕಾಪಾಡುವುದು ಇನ್ನೊಂದು ಕೆಲಸ. ಈ ವರ್ಣಗಳು ಬಿಸಿಲಿಗೆ ಮಾಸುತ್ತವೆ. ಪೂರ್ವಕ್ಕೋ ಪಶ್ಚಿಮಕ್ಕೋ ಕಿಟಕಿಯಿರುವ ಗೋಡೆಯ ಎದುರು ನೇತುಹಾಕಬಾರದು. ಪದರದಲ್ಲಿರುವ ಜೆಲಾಟಿನ್ ಬೂಷ್ಟಿಗೆ ಒಳ್ಳೆಯ ಆಹಾರವಾದ್ದರಿಂದ ಜೂನ್‌ನಿಂದ ಅಕ್ಟೋಬರ್‌ವರೆಗೆ ಹೊರಗೋಡೆಯ ಒಳಮಗ್ಗುಲು ತಂಪು ಹಿಡಿಯುವ ಮನೆಗಳಲ್ಲಿ ಚೌಕಟ್ಟಿಗೂ ಗೋಡೆಗೂ ನಡುವೆ ಗಾಳಿಯಾಡುವಂತೆ ಎರಡು ಬಿರಡೆ ಚೂರುಗಳನ್ನು ಅಂಟಿಸಿಡಬೇಕು. ಚೌಕಟ್ಟಿನ ಗಾಜು ಪದರಕ್ಕೆ ತಾಗದಂತೆ ನಡುವೆ ರಟ್ಟಿನ ಅಂಚು ಇರಲಿ. ತಾಗಿದರೆ ಒಂದು ಮಳೆಗಾಲದಲ್ಲೇ ಚಿತ್ರ ಗಾಜಿಗೆ ಅಂಟಿಕೊಳ್ಳಬಹುದು, ಆ ವರ್ಗಾವಣೆಯನ್ನು ಬಿಡಿಸುವ ಉಪಾಯ ಸುಲಭವಲ್ಲ.